ಗಾಜಿಗೆ ಕಾನೂನುಂಟು, ಕೂರಿಸುವ ಕೈಗಿಲ್ಲ

ಶಿಕಾರಿಪುರದಿಂದ ಈಸೂರಿನ ಕಡೆ ಹೊರಟ ಕಾರಿನ ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಸಿಕ್ಕರೆ, ಒಮ್ಮೆ ಕೈ ಸುಟ್ಟುಕೊಂಡವರು ತಾವಾಗಿಯೇ ಹಿಂದುಳಿಯುತ್ತಾರೆ. ಟಾರ್ಪಾಲಿನ್ ಹೊದಿಸದ ಗಾಡಿಯಿಂದ ಹಾರಿದ ಕಡಲೆಗಾತ್ರದ ಕಲ್ಲು ಸಾಕು, ಮುಂದಿನ ಗಾಜಿನಲ್ಲಿ ಚುಕ್ಕೆ ಬೀಳಲು. ಬಿಸಿಲು, ಚಳಿ, ರಸ್ತೆಯ ಕುಲುಕಾಟ ಸೇರಿ ಚುಕ್ಕೆಯನ್ನು ಗೆರೆ ಮಾಡುತ್ತವೆ. ಆಮೇಲೆ ಮನೆಯಲ್ಲಿ ಚರ್ಚೆ: ಕ್ಲೇಮು ಮಾಡುವುದೋ, ಜೇಬಿನಿಂದ ಕೊಡುವುದೋ?

ಗಾಜು ಒಡೆದರೂ ಚೂರಾಗಿ ಮುಖಕ್ಕೆ ಎರಚದೆ ಅಲ್ಲೇ ನಿಲ್ಲುವುದು ಎರಡು ಗಾಜಿನ ನಡುವೆ ಅಂಟಿಸಿದ ತೆಳು ಪದರದಿಂದ. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಇದಕ್ಕೆ ಪೇಟೆಂಟ್ ಪಡೆದದ್ದು 1909ರಲ್ಲಿ. ಮೊದಲ ಮಹಾಯುದ್ಧದಲ್ಲಿ ಅದು ವಿಷಾನಿಲ ಮುಖವಾಡದ ಕಣ್ಣಿಗೂ ಬಂತು. ನಮ್ಮ ರಸ್ತೆಗೆ ಕಡ್ಡಾಯವಾಗಿ ಬರಲು ಬಹಳ ಕಾಲ ಹಿಡಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಸುರಕ್ಷತಾ ಗಾಜು ಬೇಕೆಂದಿತು. ಮುಂದಿನ ಗಾಜು ಪದರದ್ದೇ ಆಗಿರಬೇಕೆಂಬ ಕಟ್ಟುಪಾಡು 1996ರಿಂದ ಬಿಗಿಯಾಯಿತು. ಕೃಷಿ ಟ್ರ್ಯಾಕ್ಟರಿಗೆ ವಿನಾಯಿತಿ ಇದೆ. ಈಸೂರಿನಂಥ ಊರಲ್ಲಿ ಅದು ಸಣ್ಣ ವಿನಾಯಿತಿಯಲ್ಲ ಬಿಡಿ. ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ್ದರಲ್ಲಿ ಶೇ 50 ಬೆಳಕು ಹಾಯಬೇಕೆಂಬುದೂ ಇದೇ ನಿಯಮದ ಮಾತು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿನ ವಿರುದ್ಧ ತೀರ್ಪಿತ್ತ ಮೇಲೆ ಪೊಲೀಸರು ರಸ್ತೆಬದಿಯಲ್ಲೇ ಅದನ್ನು ಕೀಳಿಸಿದ್ದು ಅನೇಕರಿಗೆ ನೆನಪಿರಬೇಕು.

ವಿಮೆಯ ಹಾದಿ ಬೇರೆ. 1942ರಲ್ಲಿ ಈಸೂರಿನವರು ತಮ್ಮದೇ ಸರ್ಕಾರ ಘೋಷಿಸಿ ಹುಡುಗರನ್ನು ಅಧಿಕಾರಿಗಳನ್ನಾಗಿ ಕೂರಿಸಿದಾಗ, ಬ್ರಿಟಿಷ್ ಇಂಡಿಯಾದ ಮೋಟಾರು ಕಾಯ್ದೆಗೆ ಮೂರು ವರ್ಷ ತುಂಬಿತ್ತು. ಅದರಲ್ಲಿನ ಕಡ್ಡಾಯ ವಿಮೆಯ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ಕ್ಕೆ. ಆ ಕಡ್ಡಾಯ ಎದುರಿನವರಿಗಾದ ಹಾನಿಗೆ, ಅಂದರೆ ಥರ್ಡ್ ಪಾರ್ಟಿಗೆ. ಅದೊಂದನ್ನೇ ಮಾಡಿಸಿ ಓಡುವ ಹಳೇ ಜೀಪು, ಲಗೇಜ್ ಆಟೊಗಳ ಮಾಲೀಕರು ಒಡೆದ ಗಾಜಿಗೆ ಸ್ವಂತ ದುಡ್ಡೇ ಎಣಿಸಬೇಕು. ಸ್ವಂತ ಹಾನಿಯ ಪಾಲಿಸಿಯಿದ್ದವರಿಗೆ ಗಾಜಿನ ವಿಷಯದಲ್ಲಿ ಒಂದು ಅನುಕೂಲವಿದೆ. 2002ರ ಅಖಿಲ ಭಾರತ ಮೋಟಾರು ಟ್ಯಾರಿಫ್ ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ ಬೆಲೆ ಕಳೆಯಲು ಹೇಳಿ, ಗಾಜಿಗೆ ಸವಕಳಿ ಏನೂ ಇಲ್ಲ ಎಂದಿತ್ತು. 2007ರಲ್ಲಿ ಸ್ವಂತ ಹಾನಿಯ ದರಗಳು ಕಂಪನಿಗಳ ಕೈಗೆ ಹೋದರೂ ಈ ಪದ್ಧತಿ ಉಳಿದುಕೊಂಡಿತು.

ಹಾಗಿದ್ದರೆ ಕ್ಲೇಮು ಮಾಡಲು ಹಿಂಜರಿಕೆ ಏಕೆ? ಲೆಕ್ಕ ಹಾಕಿ ನೋಡಿ. ಗಾಜು, ಕೂಲಿ ಸೇರಿ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಣ್ಣ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 5,000. ಆದರೆ ಆ ಒಂದು ಕ್ಲೇಮಿಗೆ ಶೇ 50ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮಿಲ್ಲದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗಿಳಿಯುತ್ತದೆ. ಮತ್ತೆ 20, 25, 35, 45 ಎಂದು ವರ್ಷವರ್ಷ ಹತ್ತಿಯೇ 50 ಮುಟ್ಟಬೇಕು. ಬೋನಸ್ ಕಳೆಯುವ ಮುಂಚೆ ಸ್ವಂತ ಹಾನಿಯ ಕಂತು ವರ್ಷಕ್ಕೆ 10,000 ಇದ್ದರೆ, ಅಷ್ಟರಲ್ಲಿ ಹೆಚ್ಚುವರಿಯಾಗಿ ಕಟ್ಟುವುದು 5,000, 3,000, 2,500, 1,500, 500, ಒಟ್ಟು 12,500. ಬೋನಸ್ ಉಳಿಸುವ ಹೆಚ್ಚುವರಿ ರಕ್ಷೆ ಕೊಂಡಿದ್ದರೆ ಮಾತು ಬೇರೆ. ಸವಕಳಿ ಇಲ್ಲವೆಂಬ ಉದಾರತೆಯನ್ನು ಬೋನಸ್ಸಿನ ಏಣಿ ಮೆಲ್ಲಗೆ ವಾಪಸು ಕಿತ್ತುಕೊಳ್ಳುತ್ತದೆ, ಅದೂ ಗ್ರಾಹಕರೇ ನಗದು ಕೊಟ್ಟು ಸುಮ್ಮನಾಗುವಂತೆ.

ಹಾಗೆ ನಗದು ಕೊಟ್ಟ ಕೆಲಸಕ್ಕೆ ವಿಮಾ ಕಂಪನಿಯ ಸರ್ವೇಯರು ಬರುವುದಿಲ್ಲ, ಯಾರೂ ನೋಡುವುದಿಲ್ಲ. ಹಳೇ ಲಾರಿ, ಬಸ್ಸುಗಳಲ್ಲಿ ಗಾಜು ಕೂರಿಸುವುದು ಇಬ್ಬರ ಕೆಲಸ. ಗಾಜಿನ ಸುತ್ತ ರಬ್ಬರ್ ಬೀಡಿಂಗ್ ತೊಡಿಸಿ, ಅದರ ಕಾಲುವೆಯೊಳಗೆ ದಾರ ಸುತ್ತಿ, ಸೋಪಿನ ನೀರು ಸವರಿ, ಒಬ್ಬ ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿದ್ದರೆ ಇನ್ನೊಬ್ಬ ಒಳಗಿನಿಂದ ದಾರ ಎಳೆಯುತ್ತಾ ಬರುತ್ತಾನೆ. ರಬ್ಬರಿನ ತುಟಿ ಚೌಕಟ್ಟಿನ ಮೇಲೆ ತಾನೇ ಮಗುಚಿಕೊಳ್ಳುತ್ತದೆ. ಇಂದಿನ ಕಾರುಗಳಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಬೆಸೆದಿರುತ್ತಾರೆ. ಹಳೆಯದನ್ನು ತಂತಿಯಿಂದ ಕೊಯ್ದು ತೆಗೆಯಬೇಕು, ತುಕ್ಕು ಒರೆಸಿ ಪ್ರೈಮರ್ ಹಚ್ಚಬೇಕು, ಅಂಟು ಹಿಡಿಯುವವರೆಗೆ ಗಾಡಿ ಕದಲಿಸಬಾರದು. ಅಪಘಾತದಲ್ಲಿ ಚಾವಣಿ ಕುಸಿಯದಂತೆ ತಡೆಯುವುದರಲ್ಲಿ, ಪಕ್ಕದ ಸೀಟಿನ ಏರ್‌ಬ್ಯಾಗಿಗೆ ಆನಿಕೆಯಾಗುವುದರಲ್ಲಿ ಈ ಗಾಜಿಗೂ ಪಾಲಿದೆ. ಗಾಜಿಗೆ ಐಎಸ್ 2553 ಎಂಬ ಮಾನದಂಡವಿದೆ, ಸರ್ವೇಯರಿಗೆ ಪರವಾನಗಿ ಬೇಕು. ಅಂಟು ಹಚ್ಚುವವನಿಗೆ ಅಂಥದ್ದೊಂದಿಲ್ಲ. ಸಂಜೆ ಮದುವೆಗೆ ಹೋಗಬೇಕು, ಬೇಗ ಮುಗಿಸಪ್ಪಾ ಎಂದು ಅವಸರಿಸುವವರು ನಾವೇ.

ಅಮೆರಿಕದ ಫ್ಲೋರಿಡಾದಲ್ಲಿ ಕಥೆ ಉಲ್ಟಾ. ಅಲ್ಲಿ ಸಮಗ್ರ ವಿಮೆಯಿದ್ದರೆ ಮುಂದಿನ ಗಾಜಿಗೆ ಕಡಿತವೇ ಇಲ್ಲವೆಂದು ಕಾನೂನು ಹೇಳಿತು. ರಿಪೇರಿಯವರು ಗಿಫ್ಟ್ ಕಾರ್ಡ್ ಆಸೆ ತೋರಿಸಿ ಗಿರಾಕಿ ಹಿಡಿಯತೊಡಗಿದರು. ಕ್ಲೇಮಿನ ಹಕ್ಕನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಕಂಪನಿಗಳ ಮೇಲೆ ದಾವೆ ಹೂಡಿದರು. 2023ರಲ್ಲಿ ರಾಜ್ಯ ಎರಡನ್ನೂ ನಿಷೇಧಿಸಿತು. ನಮ್ಮಲ್ಲಿ ಕ್ಲೇಮಿನ ತಂಟೆಗೇ ಹೋಗದವರಿಗೆ ಇಂಥ ಕಾನೂನು ಬೇಕಾಗಲಿಲ್ಲ. ಕ್ಲೇಮು ಮಾಡುವವರಿಗೆ ಮಾತ್ರ ಇಲ್ಲಿಯ ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆ ಕ್ಲೇಮಿನ ವೇಗವನ್ನು ಬಿಗಿ ಮಾಡಿತು: ಸರ್ವೇಯರ್ ನೇಮಕ 24 ಗಂಟೆಯಲ್ಲಿ, ವರದಿ 15 ದಿನದಲ್ಲಿ, ವರದಿ ಬಂದ 7 ದಿನದಲ್ಲಿ ತೀರ್ಮಾನ.

ಈಗಿನ ಕೆಲವು ಕಾರುಗಳಲ್ಲಿ ಗಾಜಿನ ಹಿಂದೆ, ಕನ್ನಡಿಯ ಬುಡದಲ್ಲಿ ಕ್ಯಾಮೆರಾ ಕೂತಿರುತ್ತದೆ. ರಸ್ತೆಯ ಗೆರೆ ಓದುವುದು, ಬ್ರೇಕ್ ಹಾಕಲು ಎಚ್ಚರಿಸುವುದು ಅದೇ. ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕು. ಅಮೆರಿಕದ ಕೆಲವು ರಾಜ್ಯಗಳು ಇದನ್ನು ಗ್ರಾಹಕರಿಗೆ ಮೊದಲೇ ತಿಳಿಸುವಂತೆ ಗಾಜಿನ ಅಂಗಡಿಗಳಿಗೆ ಕಾನೂನು ಮಾಡಿವೆ. ಇಲ್ಲಿ ಅಂಥ ಗಾಡಿ ಇಟ್ಟುಕೊಂಡವರು ಎಸ್ಟಿಮೇಟಿನಲ್ಲಿ ಕ್ಯಾಮೆರಾ ಹೊಂದಿಸುವ ಸಾಲು ಇದೆಯೇ ಎಂದು ತಾವೇ ಹುಡುಕಿ ಕೇಳಬೇಕು.