ಮೇವಿನಲ್ಲಿ ಅಳೆಯುವ ಹೊಗೆಯ ಮಿತಿ

ಕಾರ್ಖಾನೆಯ ಚಿಮಣಿಯಿಂದ ಹೊಗೆ ಬಿಡಲು ಅನುಮತಿ ಬೇಕೆಂಬುದನ್ನು ಸದಸ್ಯ ಬಾಂಧವರು ಕೇಳಿರಬಹುದು. 1981ರ ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯಿದೆಯಂತೆ ಇದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಪಡೆಯಬೇಕು. ಡೇರಿಯ ಬಾಯ್ಲರ್ ಕೂಡ ಇದಕ್ಕೆ ಹೊರತಲ್ಲ. ಚಿಮಣಿಯ ಎತ್ತರ ಎಷ್ಟಿರಬೇಕು, ಒಂದು ಘನ ಮೀಟರ್ ಹೊಗೆಯಲ್ಲಿ ಎಷ್ಟು ಮಿಲಿಗ್ರಾಂ ದೂಳು ಇರಬಹುದು ಎಂಬುದೆಲ್ಲ ಆ ಪತ್ರದ ಷರತ್ತುಗಳಲ್ಲಿರುತ್ತದೆ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಮಿತಿಯನ್ನು ರಾಜ್ಯ ಮಂಡಳಿ ಬಿಗಿ ಮಾಡಬಹುದು, ಸಡಿಲಿಸುವಂತಿಲ್ಲ.

ಇವೆಲ್ಲ ಚಿಮಣಿಯಲ್ಲಿ ಅಳೆಯುವ ಮಿತಿಗಳು. ರಾಸು ಸಾಕುವವರು ತಿಳಿಯಬೇಕಾದ ಮಿತಿ ಬೇರೊಂದಿದೆ. ಅದನ್ನು ಅಳೆಯುವುದು ಮೇವಿನಲ್ಲಿ!

ಒಡಿಶಾದ ಅಂಗುಲ್, ಉತ್ತರ ಪ್ರದೇಶದ ರೇಣುಕೂಟ ಮುಂತಾದ ಕಡೆ ಅಲ್ಯೂಮಿನಿಯಂ ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ. ಅಲ್ಲಿನ ಕುಲುಮೆಗಳಲ್ಲಿ ಫ್ಲೋರಿನ್ ಇರುವ ಲವಣ ಬಳಸುವುದರಿಂದ ಹೊಗೆಯಲ್ಲಿ ಫ್ಲೋರೈಡ್ ಬರುತ್ತದೆ. ಇಂಥ ಕಾರ್ಖಾನೆಗಳ ಸುತ್ತಲಿನ ಮೇವಿಗೆ 2003ರಲ್ಲಿ ಕೇಂದ್ರ ಮಂಡಳಿ ಹಾಕಿದ ಲೆಕ್ಕ ಹೀಗಿದೆ: ಒಂದು ಕಿಲೋ ಮೇವಿನಲ್ಲಿ ಫ್ಲೋರೈಡ್ ಸತತ ಹನ್ನೆರಡು ತಿಂಗಳ ಸರಾಸರಿಯಲ್ಲಿ 40 ಮಿಲಿಗ್ರಾಂ, ಸತತ ಎರಡು ತಿಂಗಳ ಸರಾಸರಿಯಲ್ಲಿ 60, ಒಂದು ತಿಂಗಳಲ್ಲಿ 80 ಮೀರಬಾರದು. ಮೂರು ಅಂಕಿ ಏಕೆಂದರೆ ಫ್ಲೋರೈಡ್ ಮೂಳೆಯಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಹಸು ಒಂದು ಕೆಟ್ಟ ತಿಂಗಳನ್ನು ತಡೆದೀತು, ಕೆಟ್ಟ ವರ್ಷವನ್ನು ತಡೆಯಲಾರದು.

ನಮ್ಮೂರಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಇಲ್ಲವಲ್ಲ ಎನ್ನಬೇಡಿ. ಜೇಡಿಮಣ್ಣು ಸುಡುವಾಗಲೂ ಫ್ಲೋರೈಡ್ ಹೊರಬರುತ್ತದೆ, ಸೂಪರ್ ಫಾಸ್ಫೇಟ್ ತಯಾರಿಸುವಾಗಲೂ ಬರುತ್ತದೆ. ಇಟ್ಟಿಗೆ ಗೂಡುಗಳಿಗೆ 2022ರಲ್ಲಿ ಬಂದ ಕೇಂದ್ರದ ನಿಯಮ ಚಿಮಣಿಯ ದೂಳಿಗೆ ಘನ ಮೀಟರಿಗೆ 250 ಮಿಲಿಗ್ರಾಂ ಎಂದು ಮಿತಿ ಹಾಕಿತು. ಮೇವಿನ ಮಾತು ಅದರಲ್ಲಿಲ್ಲ. ಗೂಡಿನ ಪಕ್ಕದ ಬದುವಿನಲ್ಲೇ ಹುಲ್ಲು ಕೊಯ್ಯುವವರಿಗೆ ಇದೊಂದು ಕೊರತೆಯೇ ಸರಿ.

ಗುರುತು ಹಿಡಿಯುವುದು ಹೇಗೆ? ಬಾಚಿಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಹಲ್ಲು ಬೇಗ ಸವೆಯುತ್ತದೆ. ತಣ್ಣೀರು ಹಲ್ಲಿಗೆ ತಾಗಿದರೆ ನೋವಾಗುವುದರಿಂದ ಹಸು ಬಾಯಿಟ್ಟು ಹೀರದೆ ನಾಲಿಗೆಯಿಂದ ನೆಕ್ಕಿ ಕುಡಿಯುತ್ತದೆ. ಕಾಲಿನ ಮೂಳೆ ಗಂಟುಗಟ್ಟಿ ಕುಂಟುತ್ತದೆ. ಮೇವು ತಿನ್ನುವುದು ಕಡಿಮೆಯಾಗಿ ಹಾಲು ಇಳಿಯುತ್ತದೆ. ಹಾಲಿಗೆ ಫ್ಲೋರೈಡ್ ಸೇರುವುದು ಅತ್ಯಲ್ಪ. ಕುಡಿಯುವವರಿಗೆ ಭಯವಿಲ್ಲ, ಕಷ್ಟವೆಲ್ಲ ಹಸುವಿಗೆ ಮತ್ತು ಸಾಕಿದವರಿಗೆ.

ಆದರೆ ಗೂಡಿನವರ ಮೇಲೆ ದೂರು ಹೇಳುವ ಮುನ್ನ ಕೊಳವೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಕೋಲಾರ, ತುಮಕೂರು ಮುಂತಾದ ಜಿಲ್ಲೆಗಳ ಅಂತರ್ಜಲದಲ್ಲೇ ಫ್ಲೋರೈಡ್ ಇರುವುದರಿಂದ ಅದೇ ಲಕ್ಷಣಗಳು ನೀರಿನಿಂದಲೂ ಬರುತ್ತವೆ. ನೀರು ಸರಿಯಿದ್ದು, ಗಾಳಿ ಬೀಸುವ ದಿಕ್ಕಿನ ಕೊಟ್ಟಿಗೆಗಳಲ್ಲೇ ತೊಂದರೆ ಕಂಡರೆ ಪಶುವೈದ್ಯಾಧಿಕಾರಿಗಳ ವರದಿಯೊಡನೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ಗೂಡಿನ ಹತ್ತಿರದ ಹುಲ್ಲನ್ನು ಕರು, ಪಡ್ಡೆಗಳಿಗೆ ಹಾಕಬೇಡಿ. ಕಾಯಂ ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಕೆಡುತ್ತದೆ, ಹೊರಬಂದ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ.