ನಿವೃತ್ತಿ ನೌಕರಿಗೆ, ಓದಿಗಲ್ಲ

ಬೀಳ್ಕೊಡುಗೆಯ ದಿನ ಶಾಲು, ಹಾರ, ಫಲತಾಂಬೂಲ. 'ನಿಮ್ಮ ಮಾರ್ಗದರ್ಶನ ವಿಭಾಗಕ್ಕೆ ಸದಾ ಬೇಕು' ಎಂಬ ಭಾಷಣ. ಕೆಲವೇ ದಿನಗಳ ನಂತರ ಅದೇ ಪ್ರಾಧ್ಯಾಪಕರು ಅರ್ಧಕ್ಕೆ ನಿಂತ ಲೇಖನವನ್ನು ಮುಂದುವರಿಸಲು ಮನೆಯ ಕಂಪ್ಯೂಟರಿನಲ್ಲಿ ಒಂದು ಸಂಶೋಧನಾ ನಿಯತಕಾಲಿಕವನ್ನು ತೆರೆಯಹೊರಟರೆ, ಪಾಸ್‌ವರ್ಡ್ ನಡೆಯುವುದಿಲ್ಲ. ಅವರ ಮಟ್ಟಿಗೆ ನಿಜವಾದ ನಿವೃತ್ತಿ ಅಂದೇ.

ಮುದ್ರಿತ ಪುಸ್ತಕಗಳ ಕಾಲದಲ್ಲಿ ಈ ತೊಡಕಿರಲಿಲ್ಲ. ಗ್ರಂಥಾಲಯ ಕೊಂಡ ಪುಸ್ತಕ ಗ್ರಂಥಾಲಯದ್ದೇ. ಹಳೆಯ ಮೇಷ್ಟ್ರು ಬಂದರೆ ಗ್ರಂಥಪಾಲಕರು ಕುರ್ಚಿ ಎಳೆದು ಕೂರಿಸುತ್ತಿದ್ದರು. ವಿದ್ಯುನ್ಮಾನ ನಿಯತಕಾಲಿಕಗಳನ್ನು ಬಹುಮಟ್ಟಿಗೆ ಯಾರೂ ಕೊಳ್ಳುವುದಿಲ್ಲ, ಚಂದಾ ಅವಧಿಗೆ ಓದುವ ಪರವಾನಗಿಯನ್ನಷ್ಟೇ ಪಡೆಯುತ್ತಾರೆ. ಯಾರು ಓದಬಹುದೆಂಬುದನ್ನು ಪ್ರಕಾಶಕರೊಡನೆ ಮಾಡಿಕೊಂಡ ಒಪ್ಪಂದ ನಿರ್ಧರಿಸುತ್ತದೆ. ಕ್ಯಾಂಪಸ್ಸಿನ ಜಾಲದೊಳಗಿನ ಕಂಪ್ಯೂಟರ್ ಅಥವಾ ಸಂಸ್ಥೆ ಕೊಟ್ಟ ಗುರುತು, ಇವೆರಡೇ ಕೀಲಿಕೈಗಳು. ಗ್ರಂಥಪಾಲಕರ ಸೌಜನ್ಯಕ್ಕೆ ಇಲ್ಲಿ ಎಡೆಯಿಲ್ಲ.

ಇದು ಕೆಲವು ಹಿರಿಯರ ಖಾಸಗಿ ಅನನುಕೂಲ ಮಾತ್ರವೇ? ಧಾರವಾಡದಲ್ಲಿ ಬೋಧಿಸಿದ್ದ ಇತಿಹಾಸಕಾರ ಷ. ಶೆಟ್ಟರ್ ಅವರ 'ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ' 2007ರಲ್ಲಿ ಪ್ರಕಟವಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ಪುಸ್ತಕವಿರುವುದೇ ಬಳಕೆಗೆ ಎಂಬುದನ್ನು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿಸಿದ ಎಸ್.ಆರ್. ರಂಗನಾಥನ್, 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದಾಗ ಎಪ್ಪತ್ತರ ಹೊಸ್ತಿಲಲ್ಲಿದ್ದರು. ಮಾನವಿಕ ವಿಷಯಗಳಲ್ಲಂತೂ ಬಿಡುವು ಸಿಕ್ಕ ಮೇಲೆಯೇ ಮಾಗಿದ ಕೃತಿಗಳು ಬರುವುದು.

ಯುಜಿಸಿಗೂ ಇದು ತಿಳಿಯದ್ದಲ್ಲ. ಅದರ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ, ನಿವೃತ್ತ ಅಧ್ಯಾಪಕರು 70 ವರ್ಷದವರೆಗೆ ಸಹ ಮಾರ್ಗದರ್ಶಕರಾಗಿ ಮುಂದುವರಿಯಬಹುದು. ಶಿಷ್ಯ ಓದುವ ಪ್ರಬಂಧವನ್ನು ಗುರು ಓದಲಾಗದಿದ್ದರೆ ಆ ಮಾರ್ಗದರ್ಶನಕ್ಕೆ ಅರ್ಥವೇನು?

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು. 6,300ಕ್ಕೂ ಹೆಚ್ಚು ಸಂಸ್ಥೆಗಳು. ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ಇದರ ಪ್ರಯೋಜನವೆಂದು ಸರ್ಕಾರ ಹೇಳಿತು. ನಿವೃತ್ತರ ಹೆಸರು ಆ ಸಾಲಿನಲ್ಲಿರಲಿಲ್ಲ.

ಬಳಕೆದಾರರು ಹೆಚ್ಚಿದರೆ ಪ್ರಕಾಶಕರು ಬೆಲೆ ಏರಿಸುತ್ತಾರೆಂಬ ಆತಂಕ ನಿರಾಧಾರವಲ್ಲ. ಆದರೆ ಇಷ್ಟು ದೊಡ್ಡ ಗ್ರಾಹಕನಿಗೆ ಚೌಕಾಸಿಯ ಬಲವೂ ಇದೆ. 2027ರ ನಂತರದ ಒಪ್ಪಂದದಲ್ಲಿ 'ಅಧಿಕೃತ ಬಳಕೆದಾರ' ಎಂಬ ವ್ಯಾಖ್ಯೆಗೆ ನಿವೃತ್ತ ಅಧ್ಯಾಪಕರನ್ನೂ ಸೇರಿಸುವಂತೆ ಕೇಳಬೇಕು. ಅಲ್ಲಿಯವರೆಗೆ ವಿಶ್ವವಿದ್ಯಾಲಯಗಳು ಸುಮ್ಮನಿರಬೇಕಿಲ್ಲ. ನಿವೃತ್ತರ ಇ-ಮೇಲ್ ವಿಳಾಸಗಳನ್ನು ರದ್ದುಪಡಿಸದೆ ಉಳಿಸಬಹುದು. ಖುದ್ದಾಗಿ ಬಂದವರು ಓದಲು ಹಲವು ಪರವಾನಗಿಗಳಲ್ಲಿ ಅವಕಾಶವಿರುತ್ತದೆ. ಅದನ್ನು ಬಳಸಿ ಗ್ರಂಥಾಲಯದಲ್ಲಿ ಒಂದೆರಡು ಕಂಪ್ಯೂಟರ್‌ಗಳನ್ನು ಅವರಿಗಾಗಿ ಮೀಸಲಿಡಬಹುದು.

ಸಂಬಳ ನಿಲ್ಲುವುದು ನಿಯಮ, ಒಪ್ಪೋಣ. ಓದು ನಿಲ್ಲಬೇಕೆಂಬುದು ಯಾವ ನಿಯಮ? ಬೀಳ್ಕೊಡುಗೆಯ ಶಾಲಿನೊಡನೆ ಗ್ರಂಥಾಲಯದ ಕೀಲಿಕೈಯನ್ನೂ ಕೊಟ್ಟರೆ, ಅಂದಿನ ಭಾಷಣಕ್ಕೊಂದು ಅರ್ಥ ಬಂದೀತು.