ಮತದಾರನ ಪಾಲಿಗೆ ವರ್ಷಕ್ಕೆ 84 ರೂಪಾಯಿ

ಕರ್ನಾಟಕದ ಪ್ರತಿ ಶಾಸಕರಿಗೂ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ಸಮುದಾಯ ಭವನ, ಶಾಲಾ ಕೊಠಡಿ, ಬಸ್ ತಂಗುದಾಣಗಳ ಮೇಲೆ ಶಾಸಕರ ಹೆಸರು ಕಾಣುವುದು ಹೆಚ್ಚಾಗಿ ಈ ನಿಧಿಯಿಂದ. ಕೇಳಲು ದೊಡ್ಡ ಮೊತ್ತ. ಹಂಚಿ ನೋಡಿದರೆ ಲೆಕ್ಕವೇ ಬೇರೆ.

2023ರ ಚುನಾವಣೆಯಲ್ಲಿ ರಾಜ್ಯದಲ್ಲಿದ್ದ ಮತದಾರರು ಸುಮಾರು 5.3 ಕೋಟಿ, ಕ್ಷೇತ್ರಗಳು 224. ಸರಾಸರಿ ಒಂದು ಕ್ಷೇತ್ರಕ್ಕೆ 2.37 ಲಕ್ಷ ಮತದಾರರು. ಅಂದರೆ ತಲೆಗೆ ವರ್ಷಕ್ಕೆ 84 ರೂಪಾಯಿ, ತಿಂಗಳಿಗೆ 7. ಕ್ಷೇತ್ರದಲ್ಲಿ 30 ಗ್ರಾಮ ಪಂಚಾಯಿತಿಗಳಿದ್ದರೆ ಒಂದೊಂದಕ್ಕೆ ಬರುವುದು 6.67 ಲಕ್ಷ. ಒಂದು ಊರಿನ ಬೀದಿಗೆ ಕಾಂಕ್ರೀಟ್ ಬೀಳುವಷ್ಟರಲ್ಲಿ ಪಕ್ಕದ ಊರಿನ ಸರದಿ ಮುಂದಿನ ವರ್ಷಕ್ಕೆ ಹೋಗಿರುತ್ತದೆ.

ಎಲ್ಲ 224 ಕ್ಷೇತ್ರಗಳ ನಿಧಿ ಕೂಡಿಸಿದರೂ 448 ಕೋಟಿ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ. ನೂರು ರೂಪಾಯಿಗೆ 11 ಪೈಸೆ! ಅದೇ ಬಜೆಟ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆಯೊಂದಕ್ಕೇ ಇಟ್ಟಿದ್ದು 28,608 ಕೋಟಿ, ಈ ನಿಧಿಯ 64 ಪಟ್ಟು. ಉಳಿದ 99 ರೂಪಾಯಿ 89 ಪೈಸೆ ಎಲ್ಲಿಗೆ ಹೋಗಬೇಕೆಂದು ಕೇಳುವ, ತಡೆಯುವ, ತಿದ್ದಿಸುವ ಅಧಿಕಾರ ಶಾಸಕರಿಗಿರುವುದು ಸದನದಲ್ಲಿ. ನಾವು ಮಾತ್ರ ಅವರನ್ನು ಅಳೆಯುವುದು 11 ಪೈಸೆಯ ಕೆಲಸದಿಂದ. ಇದು ಮತದಾರರಿಗೇ ನಷ್ಟ.

ಇಂಥ ನಿಧಿಯೇ ಇಲ್ಲದ ಕಾಲದಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952, 1962, 1967ರಲ್ಲಿ ಮೂರು ಸಲ ವಿಧಾನಸಭೆಗೆ ಗೆದ್ದರು. ಮಂತ್ರಿಯಾಗಲಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ಕೂಗನ್ನು ಸದನಕ್ಕೆ ತಂದು, ಉಳುವವನಿಗೇ ಭೂಮಿ ಸಿಗಬೇಕೆಂದು ಪಟ್ಟುಹಿಡಿದರು. 1972ರಲ್ಲಿ ತೀರಿಕೊಂಡರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ 4 ಲಕ್ಷಕ್ಕೂ ಹೆಚ್ಚು ಗೇಣಿದಾರರಿಗೆ ಭೂಮಿಯ ಹಕ್ಕು ಸಿಕ್ಕಿತು. ಅದರ ಹಿಂದೆ ಹಲವರ ದುಡಿಮೆಯಿದೆ, ಅಂದಿನ ಮುಖ್ಯಮಂತ್ರಿ ದೇವರಾಜ ಅರಸರ ಛಲವಿದೆ. ಗೋಪಾಲಗೌಡರ ದನಿಯೂ ಇದೆ. ಯಾವ ಸಮುದಾಯ ಭವನವೂ ಇದಕ್ಕೆ ಸಮನಲ್ಲ.

ಅಂಥ ದನಿ ಕೇಳಬೇಕಾದರೆ ಸದನ ಕೂರಬೇಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮದೇ ಶಾಸನಸಭೆ ಕಾಯ್ದೆ ಮಾಡಿಕೊಂಡಿದೆ. ಆ ಗುರಿ ಮತ್ತೆ ಮತ್ತೆ ತಪ್ಪುತ್ತಿದೆ. ಪೂರ್ತಿ 60 ದಿನ ಕೂತರೂ ಒಂದೊಂದು ದಿನದ ಪಾಲಿಗೆ ಬರುವ ಬಜೆಟ್ ಹಣ 6,800 ಕೋಟಿಗೂ ಹೆಚ್ಚು. ಗದ್ದಲದಲ್ಲಿ ಕಲಾಪ ಮುಂದೂಡಿದ ಪ್ರತಿ ದಿನವೂ ಅಷ್ಟು ಹಣದ ಮೇಲೆ ಕೇಳಬೇಕಾದ ಪ್ರಶ್ನೆಗಳು ಕೇಳದೆ ಉಳಿಯುತ್ತವೆ.